ಅಳದಂಗಡಿಯ ಕಾಫಿ

ಹೇಮರಾಜ ಲೇಬಲುಗಳ ಕೊನೆಯ ಕಟ್ಟನ್ನೂ ಬಚ್ಚಲೊಲೆಗೆ ತುರುಕಿದ. ‘ಅಪ್ಪಟ ಚಿಕ್ಕಮಗಳೂರು ಕಾಫಿ’ ಎಂಬ ಹಸಿರು ಅಕ್ಷರಗಳು ಸುರುಟಿ ಕಪ್ಪಾದವು. ಹಂಡೆಯ ನೀರು ಕಾಯುವ ಮೊದಲೇ ಅವನು ಬೆವರಿದ.

“ಲೇಬಲಿನಲ್ಲಿ ಕಾಯಿಸಿದ ನೀರು! ಪಾಪ ತೊಳೆಯಲಿಕ್ಕೆ ಇನ್ನು ಸೀಗೆಪುಡಿಯೂ ಬೇಡ,” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ ಪುಷ್ಪಾವತಿ. “ಬಂಟ್ವಾಳದ ಅಂಗಡಿಗೆ ಬೀಗ ಬಿದ್ದ ಮೇಲೆ ನಿಮಗೆ ಸತ್ಯ ಇಷ್ಟು ರುಚಿ ಆದದ್ದಾ?”

“ನೀನೊಮ್ಮೆ ಸುಮ್ಮನಿರು ಮಾರಾಯ್ತಿ.”

ಬಂಟ್ವಾಳದವನು ಮಾಡಿದ್ದೂ ಇದನ್ನೇ. ಊರ ಕಾಫಿಗೆ ಘಟ್ಟದ ಹೆಸರು ಇಟ್ಟಿದ್ದ. ಸುಳ್ಳು ಲೇಬಲಿಗೆ ಕೇಸು, ಅಂಗಡಿಗೆ ಬೀಗ.

ಮೂಡಬಿದ್ರೆ ಪೇಟೆಯಲ್ಲಿ ಹೇಮರಾಜನ ಕಾಫಿಪುಡಿಗೆ ಹೆಸರಿತ್ತು. ಆ ಹೆಸರೇ ಅವನನ್ನು ತಿನ್ನುತ್ತಿತ್ತು. ಘಟ್ಟದ ಕಾಫಿಯೆಲ್ಲ ಆಗಿನ ಕಾನೂನು ಪ್ರಕಾರ ಕಾಫಿ ಬೋರ್ಡಿಗೇ ಹೋಗಬೇಕಿತ್ತು. ಬೋರ್ಡಿನ ಹರಾಜಿನಲ್ಲಿ ಕೂಗುವ ತ್ರಾಣ ಅವನಿಗೆಲ್ಲಿಯದು? ಹಾಗಾಗಿ ಲೇಬಲು ಚಿಕ್ಕಮಗಳೂರಿನದು, ಬೀಜ ಅಳದಂಗಡಿಯ ರುಕ್ಮಯ್ಯನ ಮೂಟೆಯದು. ತೋಟ ನೋಡಲು ಬರುತ್ತೇನೆಂದರೆ ರುಕ್ಮಯ್ಯ, “ದಾರಿ ಸರಿ ಇಲ್ಲ ಧನಿ, ಬರೀ ಜಿಗಣೆ,” ಎನ್ನುತ್ತಿದ್ದ. ಚಾರ್ಮಾಡಿ ಘಾಟಿ ಕುಸಿದ ವರ್ಷ ಅವನ ಮೂಟೆಯೂ ಬರಲಿಲ್ಲ. ಅಂಥ ಮಳೆಗೆ ಯಾವ ಗಿಡ ತಾನೇ ನಿಂತೀತು? ಮೂಟೆ ಬಿಚ್ಚಿದರೆ ಕಿತ್ತಳೆಯ ಪರಿಮಳ. ಪುಣ್ಯವಂತನ ತೋಟದಲ್ಲಿ ಅದೂ ಇರಬಹುದು.

ಈಗ ಜೈನರ ದಶಲಕ್ಷಣ ಪರ್ವ, ದಿನಕ್ಕೊಂದು ಧರ್ಮದಂತೆ ಹತ್ತು ದಿನ. ನಿನ್ನೆ ಬಸದಿಯಲ್ಲಿ ‘ಉತ್ತಮ ಸತ್ಯ’ದ ದಿನ. ಪಕ್ಕದಲ್ಲಿ ಕುಳಿತ ಪ್ರಭಾಚಂದ್ರ ಮಾಸ್ತರರು ಅವನ ಕಿವಿಯಲ್ಲಿ ಉಸುರಿದ್ದರು: “ಹೇಮರಾಜ, ನಿನ್ನ ಕಾಫಿ ಕುಡಿದರೆ ಘಟ್ಟದ ಚಳಿಯೇ ನಾಲಗೆಗೆ ಬರ್ತದೆ.” ಹೊಗಳಿಕೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮನೆಗೆ ಬಂದು ಹೇಳಿದರೆ ಪುಷ್ಪಾವತಿ ಮಾಸ್ತರರ ಮೂಗಿನ ರಾಗವನ್ನೇ ಎಳೆದು, ಕಣ್ಣು ಮುಚ್ಚಿ, “ಘಟ್ಟದ ಚಳೀ...” ಎಂದಳು. ಹೇಮರಾಜನಿಗೆ ನಗು ಬರಲಿಲ್ಲ. ಪರ್ವ ಮುಗಿದರೆ ಕ್ಷಮಾವಣಿ. ಊರವರೆಲ್ಲ ಕೈ ಮುಗಿದು ತನ್ನ ಬಳಿ ಕ್ಷಮೆ ಕೇಳುತ್ತಾರೆ. ಇಷ್ಟು ವರ್ಷ ಅವರ ನಾಲಗೆಗೇ ಮೋಸ ಮಾಡಿದವನು ಯಾವ ಮುಖದಲ್ಲಿ ಕ್ಷಮಿಸುವುದು?

ಸ್ನಾನ ಮುಗಿಸಿ ಬಂದವನೇ ಮಸಿ ಕುಡಿಕೆ ಹಿಡಿದು ಕೂತ. ಸ್ವಂತ ಕೈಯಲ್ಲಿ ಬರೆದ: ‘ಊರ ಕಾಫಿ. ಬೆಳೆದದ್ದು ಅಳದಂಗಡಿಯ ರುಕ್ಮಯ್ಯನ ತೋಟದಲ್ಲಿ.’ ಬರೆದು ಬರೆದು ಪೊಟ್ಟಣಗಳಿಗೆ ಅಂಟಿಸುತ್ತಿದ್ದಾಗಲೇ ಜೀಪು ಬಂದು ನಿಂತಿತು.

ಆಹಾರ ಇನ್‌ಸ್ಪೆಕ್ಟರ್ ಉದಯಶಂಕರ ಪೊಟ್ಟಣವೊಂದನ್ನು ಎತ್ತಿದರು. ಹೆಬ್ಬೆರಳಿಗೆ ಮಸಿ ಹತ್ತಿತು.

“ಇದು ಇಲ್ಲಿಯದ್ದೇ?”

“ಹೌದು ಸಾರ್. ನಮ್ಮಲ್ಲಿ ಸುಳ್ಳಿಲ್ಲ.” ಹೇಳಿದ ಮೇಲೆ ಅವನ ಎದೆ ಹತ್ತಿಯಷ್ಟು ಹಗುರಾಯಿತು.

“ನೀವೊಬ್ಬರು ಸಿಕ್ಕಿದಿರಿ ನೋಡಿ! ಬಾಕಿಯವರೆಲ್ಲ ಚಿಕ್ಕಮಗಳೂರನ್ನೇ ಕುಟ್ಟಿ ಪುಡಿ ಮಾಡ್ತಾರೆ.” ಇನ್‌ಸ್ಪೆಕ್ಟರು ನಕ್ಕು, ಮಾದರಿಗೆಂದು ಆ ಪೊಟ್ಟಣಕ್ಕೆ ಅರಗಿನ ಮುದ್ರೆ ಹಾಕಿಸಿ ಜೀಪಿನಲ್ಲಿಟ್ಟರು. “ಈ ತೋಟವನ್ನು ನಾಳೆ ನೋಡಿ ಬರ್ತೇವೆ. ಇಂಥದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕು.”

“ಧಾರಾಳ ನೋಡಿ ಸಾರ್.”

ಜೀಪು ತಿರುವು ದಾಟುವುದಕ್ಕೂ ರುಕ್ಮಯ್ಯ ಮೂಟೆ ಹೊತ್ತು ಮೆಟ್ಟಿಲೇರುವುದಕ್ಕೂ ಸರಿಹೋಯಿತು.

“ಬಾ ರುಕ್ಮಯ್ಯ! ನಿನ್ನ ಹೆಸರನ್ನೇ ಹಾಕಿದ್ದೇನೆ ನೋಡು. ನಾಳೆ ಇನ್‌ಸ್ಪೆಕ್ಟರು ನಿನ್ನ ತೋಟಕ್ಕೆ ಬರ್ತಾರಂತೆ.”

ಮೂಟೆ ದೊಪ್ಪನೆ ಬಿತ್ತು. ರುಕ್ಮಯ್ಯ ಅದರ ಮೇಲೆಯೇ ಕುಸಿದು ಕೂತ.

“ಯಾವ ತೋಟ ಧನಿ? ನನ್ನ ಗುಡ್ಡದಲ್ಲಿ ಗೇರುಮರ ಬಿಟ್ಟರೆ ಮುಳಿಹುಲ್ಲು. ಮೂಡಿಗೆರೆಯ ಎಸ್ಟೇಟಿನಲ್ಲಿ ನನ್ನ ಭಾವ ಇದ್ದಾನಲ್ಲ, ಅವನು ಬೋರ್ಡಿನ ಕಣ್ಣು ತಪ್ಪಿಸಿ ಕಿತ್ತಳೆ ಲಾರಿಯಲ್ಲಿ ಇಳಿಸುವುದು ಇದು. ನೀವು ಚಿಕ್ಕಮಗಳೂರು ಅಂತಲೇ ಹಾಕ್ತಾ ಇದ್ದಿರಲ್ಲ... ಧನಿಗೆ ಎಲ್ಲ ಗೊತ್ತುಂಟು ಅಂತ ನಾನು ಗ್ರಹಿಸಿದ್ದೆ!”

ಹೇಮರಾಜ ತನ್ನ ಬೆರಳು ನೋಡಿಕೊಂಡ. ಇಷ್ಟು ವರ್ಷಗಳಲ್ಲಿ ಅವನು ಅಂಟಿಸಿದ ಮೊತ್ತಮೊದಲ ಸುಳ್ಳು ಲೇಬಲಿನ ಮಸಿ ಇನ್ನೂ ಆರಿರಲಿಲ್ಲ.