ಹಾಜಿ ಶಲಬಿಯ ಲಾಭ

ಮೀನು ತರುತ್ತೇನೆಂದು ಹೊರಟ ಗಂಡ ಬ್ಯಾಂಕಿನೊಳಗೆ ಹೋಗುವುದನ್ನು ಇನ್ಶಿರಾಹ್ ಎದುರಿನ ಕಬ್ಬಿನಹಾಲಿನ ಅಂಗಡಿಯ ಮರೆಯಿಂದ ನೋಡಿದಳು. ಅನುಮಾನ ನಿಜವಾಯಿತು.

ವಗ್ದಿ ಅಲೆಕ್ಸಾಂಡ್ರಿಯಾದಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು. ಜೀವಮಾನದ ಉಳಿತಾಯವನ್ನೆಲ್ಲ ಬ್ಯಾಂಕಿನಲ್ಲಿ ಬೇರೆ ಬೇರೆ ಠೇವಣಿಗಳಾಗಿ ಇಟ್ಟಿದ್ದ. ಅವು ಒಂದೊಂದಾಗಿ ಕರಗುತ್ತಿವೆಯೆಂದು ಅವಳಿಗೆ ತಿಳಿದದ್ದು ಅವನ ಫೋನಿಗೆ ಬಂದ ಬ್ಯಾಂಕಿನ ಸಂದೇಶದಿಂದ. ಸಿಗರೇಟು ಬಿಟ್ಟಿದ್ದ. ಕಾಫಿ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದ. ಹಾಗಾದರೆ ಹಣ ಯಾರ ಮನೆಗೆ? ಇನ್ನೊಬ್ಬಳಿದ್ದಾಳೆ ಎನ್ನುವುದರ ಹೊರತು ಅವಳಿಗೆ ಬೇರೇನೂ ಹೊಳೆಯಲಿಲ್ಲ.

ಅವಳ ಸ್ವಂತ ಹಣ ಭದ್ರವಾಗಿತ್ತು. ಬಳೆಗಳನ್ನು ಮಾರಿ ದಮನ್‌ಹೂರಿನ ದನದ ವ್ಯಾಪಾರಿ ಹಾಜಿ ಶಲಬಿಯ ಹತ್ತಿರ ಹೂಡಿದ್ದಳು. ಬ್ಯಾಂಕಿನ ಬಡ್ಡಿಗೆ ಎರಡರಷ್ಟು ಲಾಭ, ತಿಂಗಳು ತಪ್ಪದೆ. ವಗ್ದಿಯೇ ರೈಲಿನಲ್ಲಿ ಹೋಗಿ ತರುತ್ತಿದ್ದ. ಮಗಳು ದುಹಾಳ ಡಯಾಲಿಸಿಸ್ ನಡೆಯುತ್ತಿದ್ದದ್ದು ಆ ದುಡ್ಡಿನಿಂದಲೇ.

"ಬೆಲೆ ಏರೋ ವೇಗಕ್ಕೆ ನಿಮ್ಮ ಬ್ಯಾಂಕ್ ದುಡ್ಡು ಕೂತಲ್ಲೇ ಸಾಯುತ್ತೆ" ಎಂದು ಗಂಡನನ್ನು ಹಂಗಿಸುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ.

ಈಗ ಅವಳೂ ಒಳಗೆ ಹೋಗಿ ಕಂಬದ ಹಿಂದೆ ನಿಂತಳು.

"ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿತ ಆಗುತ್ತೆ, ಯಜಮಾನರೇ" ಎನ್ನುತ್ತಿದ್ದಳು ಕೌಂಟರಿನ ಹುಡುಗಿ. "ಇದು ನಿಮ್ಮ ಕೊನೇ ಠೇವಣಿ."

"ಮುರಿದುಬಿಡಮ್ಮ. ಮನೇಲಿ ಅವಳು ಕಾಯ್ತಾ ಇರ್ತಾಳೆ."

ಹೊರಗೆ ಚೌಕದ ಬೆಂಚಿನ ಮೇಲೆ ಅವನು ಕೂತಾಗ ಇನ್ಶಿರಾಹ್‌ಗೆ ತಡೆಯಲಾಗಲಿಲ್ಲ. ಎದುರಿಗೇ ಹೋಗಿ ನಿಂತಳು.

"ಯಾರವಳು?"

ವಗ್ದಿ ಬೆಚ್ಚಿದ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕೂತ್ಕೋ, ದುಹಾ ಅಮ್ಮ."

"ಯಾರವಳು ಅಂದೆ."

"ನೀನೇ."

ಅವಳಿಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ಹೇಳಿದ. "ಹಾಜಿ ಊರು ಬಿಟ್ಟು ಓಡಿ ವರ್ಷದ ಮೇಲಾಯ್ತು. ಕೊಟ್ಟಿಗೇಲಿ ಒಂದು ಹಗ್ಗಾನೂ ಉಳಿಸಿಲ್ಲ."

"ನನ್ನ ಅಸಲು?"

"ಹೋಯ್ತು."

"ಮತ್ತೆ ತಿಂಗಳು ತಿಂಗಳು ಬರ್ತಿದ್ದ ಲಾಭ?"

ವಗ್ದಿ ತನ್ನ ಜೇಬನ್ನು ಮುಟ್ಟಿ ತೋರಿಸಿದ.

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ನೀನು ಮಗಳ ಹತ್ರ, 'ನಿನ್ನ ಚಿಕಿತ್ಸೆ ನನ್ನ ಬಳೇಲಿ ನಡೀತಿದೆ' ಅಂತ ಹೇಳ್ಕೊಂಡು ನಗ್ತಿದ್ದೆ. ನನಗೆ ಬಾಯಿ ಬರ್ಲಿಲ್ಲ."

ಅವಳಿಗೆ ಅವನನ್ನು ಶಪಿಸಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

"ಮುಂದಿನ ತಿಂಗಳು?" ಎಂದಳು ಕೊನೆಗೆ.

"ಇದೇ ಕೊನೇದು" ಎಂದು ಅವನು ಎದ್ದ.

ನಡೆದೇ ಮನೆಗೆ ಬಂದರು. ಬಾಗಿಲಲ್ಲಿ ಅವಳ ತಂಗಿ ರಾವಿಯಾ ಕೈಚೀಲವನ್ನು ಎದೆಗವಚಿಕೊಂಡು ಕಾಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅವನ ಹೊಲಿಗೆ ಅಂಗಡಿಯೊಂದೇ. ಅದನ್ನೂ ಮಾರಿ ಬಂದಿದ್ದಳು.

"ಭಾವ, ಹಾಜಿ ಹತ್ರ ಹೋದಾಗ ಇದನ್ನೂ ಕೊಟ್ಟುಬಿಡಿ. ಅಕ್ಕನಿಗೆ ಬರೋ ಹಾಗೆ ನನಗೂ ತಿಂಗಳಿಗೆ ಇಷ್ಟು ಅಂತ ಬಂದರೆ ಬದುಕ್ಕೊಳ್ತೀನಿ."

ವಗ್ದಿ ಹಿಂದೆ ಸರಿದ. "ಬೇಡ ರಾವಿಯಾ. ಹಾಜಿ ಈಗ ಹೊಸಬರ ದುಡ್ಡು ತಗೊಳ್ತಿಲ್ಲ."

"ಓಹೋ. ನಿಮ್ಮ ಮನೆ ಬೆಳಗಿದ್ರೆ ಸಾಕು, ಅಲ್ವಾ?"

ಒಳಕೋಣೆಯಿಂದ ದುಹಾಳ ಸೋತ ದನಿ ಕೇಳಿಸಿತು. "ಅಮ್ಮ, ಈ ತಿಂಗಳದ್ದು ಬಂತಾ?"

"ಬಂತು ಮಗಳೇ" ಎಂದಳು ಇನ್ಶಿರಾಹ್.

ಆಮೇಲೆ ತಂಗಿಯ ಕೈಯಿಂದ ಚೀಲ ತೆಗೆದುಕೊಂಡು, ಗಂಡನ ಮುಖ ನೋಡದೆ ಅವನ ಕೈಗಿಟ್ಟಳು.

"ರಾವಿಯಾ ಹೊಸಬಳಲ್ಲ, ನಮ್ಮವಳೇ ಅಂತ ಹಾಜಿಗೆ ಹೇಳಿ."