ನಮ್ಮ ಮೇಜಿನ ಮೆಲ್ವಿನ್

ಹಡಗಿನ ಪ್ರವಾಸ ಮುಗಿದರೂ ಮನೆಗೆ ಹೋಗಲು ಮನಸ್ಸಾಗದೆ, ನಾನೂ ನನ್ನ ಹೆಂಡತಿಯೂ ಇನ್ನೆರಡು ದಿನ ಹಡಗು ನಿಂತ ಪುಟ್ಟ ಕಡಲತೀರದ ಊರಿನ ಹೋಮ್‌ಸ್ಟೇಯಲ್ಲಿ ಉಳಿದೆವು. ಬೆಳಿಗ್ಗೆ ಮನೆಯೊಡತಿ ನೀರ್‌ದೋಸೆ ಬಡಿಸುತ್ತ ಕೇಳಿದರು.

"ನೀವು ಬಂದ ಹಡಗಿನಲ್ಲಿ ಊಟ ಬಡಿಸುವವ ನನ್ನ ಮಗ, ಮೆಲ್ವಿನ್. ಗಲ್ಲದಲ್ಲಿ ಮಚ್ಚೆ ಉಂಟು. ನೋಡಿದ್ರಾ?"

ವಾರವಿಡೀ ಬಡಿಸಿದವರ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಆಕೆಯ ಕಣ್ಣು ನೋಡಿ ಇಲ್ಲವೆನ್ನಲಾಗಲಿಲ್ಲ.

"ಓ, ಮೆಲ್ವಿನ್! ನಮ್ಮ ಮೇಜಿಗೆ ಅವನೇ."

"ದಪ್ಪ ಆಗಿದ್ದಾನಾ?"

"ಸ್ವಲ್ಪ."

"ನಗ್ತಾನಾ?"

"ಯಾವಾಗಲೂ. ಅಮ್ಮನ ನೀರ್‌ದೋಸೆ ಮಾತ್ರ ಇಲ್ಲಿ ಸಿಗಲ್ಲ ಅಂತಿದ್ದ."

ಅವರು ದೋಸೆಯ ತಟ್ಟೆ ಕೆಳಗಿಟ್ಟು ನನ್ನೆದುರು ಕುಳಿತರು.

"ಅವ ತೀರಿಹೋಗಿ ಆರು ವರ್ಷ ಆಯ್ತು. ಇರಲಿ, ಇನ್ನೂ ಸ್ವಲ್ಪ ಹೇಳಿ."