ಬಾಗಿಲು ತಟ್ಟಬಾರದ ಕೋಣೆ

"ಕಟ್," ಎಂದ ನಿರ್ದೇಶಕ ಪೆಲ್ಹ್ಯಾಮ್, ಒಂಬತ್ತನೆಯ ಸಲ. ಲಂಡನ್ನಿನ ಹೊರಗಿನ ಆ ಸ್ಟುಡಿಯೋದಲ್ಲಿ ಬೆಳಗಿನಿಂದ ಒಂದೇ ದೃಶ್ಯ. ಮುದಿ ಬಟ್ಲರನನ್ನು ಕೆಲಸದಿಂದ ತೆಗೆಯುವ ಬಗ್ಗೆ ದೊರೆ, ದೊರೆಸಾನಿ ದಿವಾನಖಾನೆಯಲ್ಲಿ ಮಾತಾಡುತ್ತಿರುತ್ತಾರೆ. ಬಟ್ಲರ್ ಬಾಗಿಲು ತಟ್ಟುತ್ತಾನೆ, ಅವರು ಸುಮ್ಮನಾಗುತ್ತಾರೆ. ಎಷ್ಟು ತಿಣುಕಿದರೂ ದೃಶ್ಯಕ್ಕೆ ಜೀವ ಬರುತ್ತಿಲ್ಲ.

ಟೀ ಬಂಡಿ ಹಿಡಿದು ನಿಂತಿದ್ದ ವಿನಿ ಟಫ್ನೆಲ್‌ಗೆ ತಡೆಯಲಾಗಲಿಲ್ಲ. ಸ್ಟುಡಿಯೋಗೆ ಬರುವ ಮುನ್ನ ಹದಿನಾಲ್ಕು ವರ್ಷ ದೊಡ್ಡಮನೆಯೊಂದರಲ್ಲಿ ಚಾಕರಿ ಮಾಡಿದವಳು. ನಡುವೆ ಬಾಯಿ ಹಾಕಿದರೆ ಕೆಲಸಕ್ಕೆ ಕುತ್ತು. ಆದರೆ ಈ ಕೆಲಸ ಹೇಗೂ ಹೋಗುವುದೇ. ಟೀ ಯಂತ್ರ ತಂದು ಇವಳನ್ನು ಬಿಡಿಸುವ ಮಾತನ್ನು ಪೆಲ್ಹ್ಯಾಮ್ ಮತ್ತು ಮ್ಯಾನೇಜರ್ ಬೆಳಿಗ್ಗೆಯಷ್ಟೇ ಆಡಿದ್ದರು. ಅದೂ ಇವಳು ಅವರಿಗೇ ಟೀ ಬಗ್ಗಿಸುತ್ತಿದ್ದಾಗ.

"ಅವನು ಬಾಗಿಲು ತಟ್ಟಬಾರ್ದು ಸಾರ್."

"ಯಾಕೆ?"

"ದೊಡ್ಡಮನೇಲಿ ಮಲಗೋ ಕೋಣೆ ಬಾಗಿಲು ಮಾತ್ರ ತಟ್ತಿದ್ವಿ. ದಿವಾನಖಾನೆಗೆ ಸೀದಾ ಹೋಗೋದೇ."

"ಮತ್ತೆ ಅವರ ಮಾತು?"

"ನಡೀತಾ ಇರತ್ತೆ. ಬೆಕ್ಕು ಬಂತು ಅಂತ ಯಾರಾದ್ರೂ ಮಾತು ನಿಲ್ಲಿಸ್ತಾರಾ ಸಾರ್?"

ಹತ್ತನೆಯ ಸಲ ಬಟ್ಲರ್ ವೇಷದ ಪರ್ಸಿ ಸುಮ್ಮನೆ ಒಳಗೆ ಬಂದ. ಅವನನ್ನು ಓಡಿಸುವ ಮಾತು ಅವನ ಎದುರಿಗೇ ನಡೆಯಿತು. ಅವನು ಒಂದು ಹನಿಯೂ ಚೆಲ್ಲದೆ ಟೀ ಬಗ್ಗಿಸಿದ. ಸೆಟ್ಟಿನಲ್ಲಿ ಯಾರೂ ಕೆಮ್ಮಲಿಲ್ಲ.

"ಭೇಷ್, ಟೀ!" ಎಂದ ಪೆಲ್ಹ್ಯಾಮ್. ಎಂಟು ವರ್ಷದಿಂದ ಅವಳನ್ನು ಅವನು ಕರೆಯುತ್ತಿದ್ದುದೇ ಹಾಗೆ. ಆದರೂ ವಿನಿಗೆ ಖುಷಿಯಾಯಿತು. ಆ ಹದಿನಾಲ್ಕು ವರ್ಷ ಕೊನೆಗೂ ಯಾವುದೋ ಒಂದು ಉಪಯೋಗಕ್ಕೆ ಬಂದಿತ್ತು. ಊಟದ ಹೊತ್ತಿಗೆ ಪರ್ಸಿಯೇ ಬಂದು ಅವಳ ಕೈ ಕುಲುಕಿದ.

ನಾಲ್ಕು ಗಂಟೆಗೆ ಬಂಡಿ ಪೆಲ್ಹ್ಯಾಮನ ಕೋಣೆ ಮುಟ್ಟಿತು. ಒಳಗೆ ಮ್ಯಾನೇಜರನ ದನಿಯೂ ಇತ್ತು. ವಿನಿ ಎಂದಿನಂತೆ ಸೀದಾ ಒಳಗೆ ಹೋಗಲಿಲ್ಲ, ಬಾಗಿಲು ತಟ್ಟಿದಳು. ಮಾತು ತಟಕ್ಕನೆ ನಿಂತಿತು. ಪೆಲ್ಹ್ಯಾಮನೇ ಎದ್ದು ಬಂದು ತೆರೆದ.

"ನೀನಾ? ಯಾವತ್ತೂ ಇಲ್ಲದ್ದು ಇವತ್ತೇನು ಬಾಗಿಲು ತಟ್ಟಿದೆ?"

"ಬೆಳಿಗ್ಗೆ ನನ್ನ ಬಿಡಿಸೋ ವಿಷಯ ಮಾತಾಡ್ತಿದ್ರಲ್ಲ ಸಾರ್. ಮುಗಿಸ್ಕೊಳ್ಳಿ, ಆಮೇಲೆ ಬರ್ತೀನಿ."

ಪೆಲ್ಹ್ಯಾಮನ ಕಿವಿ ಕೆಂಪಾಯಿತು. ಹಿಂದೆ ಮ್ಯಾನೇಜರ್, ಮೇಜಿನ ಮೇಲಿದ್ದ ಟೀ ಯಂತ್ರದ ಚಿತ್ರವನ್ನು ಮಡಿಸಿ ಜೇಬಿಗೆ ತುರುಕಿಕೊಂಡ.

"ಒಳಗೆ ಬನ್ನಿ," ಎಂದ ಪೆಲ್ಹ್ಯಾಮ್. "ನಿಮ್ಮ ಹೆಸರೇನು?"

ಅವಳು ಹೇಳಿದಳು. ಬಂಡಿಯ ಹಿಂದಿನ ಗಾಲಿ ಹೊಸ್ತಿಲು ದಾಟುವವರೆಗೂ ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ, ಥೇಟ್ ಬಟ್ಲರನ ಹಾಗೆ.